ಎಣ್ಣಿ ಬೇಕಂದ್ರ ಒಳಗ ಬರ್ರಿ

ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿಗೆ ಹೊಸದಾಗಿ ಬಂದವರು ಕುರ್ಚಿ ಎಳೆದುಕೊಂಡು ಕೂರುವ ಮೊದಲೇ ಮೂಗು ಏರಿಸಿ, "ಏನ್ರಿ ಇದು ವಾಸನಿ?" ಎಂದು ಕೇಳುತ್ತಿದ್ದರು. ಲಕ್ಕಿ ಸೊಪ್ಪು, ಬೆಳ್ಳುಳ್ಳಿ, ಅಜವಾನ, ಕರ್ಪೂರ ಎಲ್ಲವೂ ಎಳ್ಳೆಣ್ಣೆಯಲ್ಲಿ ಬೆರೆತ ವಾಸನೆ ಅದು. ಮೂಲೆಯಲ್ಲಿ ಕೂತಿದ್ದ ಪಿ.ಟಿ. ಟೀಚರ್ ತಲೆಯೆತ್ತದೆ ಉತ್ತರ ಕೊಡುತ್ತಿದ್ದರು: "ನಂದ್ರಿ ಅದು. ಇವತ್ತು ಮೂಗು ಮುಚ್ಕೋರಿ. ಮುಂದಿನ ವಾರ ನೀವ ಕೇಳ್ಕೊಂಡು ಬರ್ತೀರಿ." ಹಾಗೆಯೇ ಆಗುತ್ತಿತ್ತು. ದಿನವಿಡೀ ನಿಂತು ಪಾಠ ಹೇಳುವವರ ಮೀನಖಂಡ ಎಷ್ಟು ದಿನ ಸುಮ್ಮನಿದ್ದೀತು?

ಹೋದ ತಿಂಗಳು ಅವರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಮಾತಾಡಿದವರೆಲ್ಲ ಶಿಸ್ತು, ಸಮಯಪಾಲನೆ, ಸೇವಾ ಮನೋಭಾವ ಎಂದರು. ಸುಳ್ಳೇನಲ್ಲ. ಆದರೆ ವೇದಿಕೆಯ ಮೇಲೆ ಕೂತ ಅವರೇ ಆ ಮಾತು ಕೇಳಿ ಆಕಳಿಸುತ್ತಿದ್ದುದನ್ನು ನಾನು ನೋಡಿದೆ. ಆ ಭಾಷಣಗಳಿಗೆ ಸಿಕ್ಕದೆ ಉಳಿದ ಹೆಂಗಸಿನ ಬಗ್ಗೆ ನಾಲ್ಕು ಮಾತು ಬರೆಯಬೇಕು ಎನಿಸಿತು. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ, "ಇಷ್ಟು ಸಣ್ಣ ಅಕ್ಷರದಾಗ ಯಾಕ ಹಾಕ್ಸಿದಿ?" ಎಂದು ಜಗಳಕ್ಕೆ ಬರುತ್ತಾರೆ. ತಮ್ಮ ಬಗ್ಗೆ ಸಂಕೋಚ ಎನ್ನುವುದು ಅವರಿಗೆ ಇರಲೇ ಇಲ್ಲ. "ಈ ಜಿಲ್ಲಾದಾಗ ನನ್ನಂಥ ಎಣ್ಣಿ ಕಾಸೋರು ಇನ್ನೊಬ್ಬರಿಲ್ಲ" ಎಂದು, ಊರಿನ ಹವಾಮಾನ ಹೇಳಿದಷ್ಟೇ ಸಲೀಸಾಗಿ ಹೇಳುತ್ತಿದ್ದರು.

ಎತ್ತರದ ಆಳು. ಸೀರೆಯ ಮೇಲೆ ಕುತ್ತಿಗೆಗೆ ಸೀಟಿ, ಕಾಲಿಗೆ ಬಿಳಿ ಬೂಟು. ನಡೆದರೆ ಹಿಂದೆ ಬರುವವರು ಓಡಬೇಕು. ಮೈದಾನದ ಆ ತುದಿಯಿಂದ ಕೂಗಿದರೆ ಈ ತುದಿಯ ಬೇವಿನ ಮರದಿಂದ ಹಕ್ಕಿ ಹಾರುತ್ತಿತ್ತು. ಆದರೆ ನೋವು ಎಂದು ಯಾರಾದರೂ ಎದುರು ಕೂತರೆ ಆ ಗಂಟಲು ಎಲ್ಲಿಗೆ ಹೋಗುತ್ತಿತ್ತೋ. ಅಂಗೈಯಲ್ಲಿ ಎಣ್ಣೆ ಬಿಸಿ ಮಾಡಿಕೊಂಡು, ಪಾದದಿಂದ ಮೇಲಕ್ಕೆ ನಿಧಾನಕ್ಕೆ ತಿಕ್ಕುತ್ತ, ಮಗುವಿನ ಹತ್ತಿರ ಮಾತಾಡಿದ ಹಾಗೆ, "ಇಲ್ಲಿ? ಇನ್ನಾ ಸ್ವಲ್ಪ ಕೆಳಗ? ಹಾಂ, ಸಿಕ್ತು ಬಿಡು" ಎನ್ನುತ್ತಿದ್ದರು.

ನಾನು ರಾಯಚೂರಿನವಳು. ಮನೆಯಲ್ಲಿ ದಖನಿ ಮಾತಾಡುತ್ತೇವೆ. ಮಕ್ಕಳಿಗೆ ಕನ್ನಡ ಕಲಿಸುವುದು ನನ್ನ ಕೆಲಸ. ಮೊದಲ ನೌಕರಿ ಸಿಕ್ಕಿದ್ದೇ ಮಾನ್ವಿಯ ಈ ಹೈಸ್ಕೂಲಿನಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಸೀಟು ಸಿಗದ ದಿನ ಮೇಲಿನ ಸರಳು ಹಿಡಿದು ನಿಂತು ನಿಂತು, ಒಂದು ಬೆಳಿಗ್ಗೆ ಕುತ್ತಿಗೆ ತಿರುಗದಂತಾಯಿತು. ಅಟೆಂಡೆನ್ಸ್ ಹಾಕುವಾಗ ಇಡೀ ಮೈ ತಿರುಗಿಸಿ ಮಕ್ಕಳನ್ನು ನೋಡುತ್ತಿದ್ದೆ. ಅದು ಅವರ ಕಣ್ಣಿಗೆ ಬಿತ್ತು.

"ಸಂಜಿಕಿ ಮನಿಗಿ ಬಾ" ಎಂದರು.

"ಬಸ್ಸು ತಪ್ತದ ಅಕ್ಕಾ. ಒಂದು ಬಾಟ್ಲಿದಾಗ ಹಾಕಿ ಕೊಟ್ರ ಮನಿಗಿ ಹೋಗಿ ಹಚ್ಕೋತೀನಿ."

"ಬಾಟ್ಲಿ ಆಮ್ಯಾಲ. ಮೊದಲ ಸಲ ಎಣ್ಣಿ ಹೊರಗ ಹೋಗಂಗಿಲ್ಲ. ನೀ ಒಳಗ ಬರಬೇಕು."

ಅವರ ಮನೆ ಮೈದಾನದ ಹಿಂದಿನ ಓಣಿಯಲ್ಲಿತ್ತು. ಎರಡು ಕೋಣೆ, ಮುಂದೊಂದು ಪಡಸಾಲೆ, ಗೋಡೆಗೆ ಬುದ್ಧನ ಚಿತ್ರ, ಅದರ ಕೆಳಗೆ ಒಂದು ಮಂಚ. ಮಂಚದ ಮೇಲೆ ಕೂರಿಸಿ ಕುತ್ತಿಗೆ, ಹೆಗಲು ತಿಕ್ಕಿದರು. ಬಿಸಿನೀರಲ್ಲಿ ಹಿಂಡಿದ ಬಟ್ಟೆ ಹೊದಿಸಿದರು. ಎದ್ದು ಹೊರಡುವಾಗ ಅಡ್ಡ ನಿಂತರು. "ಚಾ ಕುಡಿಲಾರದ ಹೋಗಂಗಿಲ್ಲ. ಅದೂ ಔಷಧದಾಗ ಸೇರ್ತದ." ನಾನು ಕುಡಿದೆ. ಆಮೇಲೆ ಬಾಟ್ಲಿ ಕೈಗೆ ಬಂತು. ಎಲ್ಲರಿಗೂ ಇದೇ ಕಟ್ಟಳೆ ಎಂದು ಆಮೇಲೆ ಗೊತ್ತಾಯಿತು. ಎಣ್ಣೆ ಬೇಕಾದವರು ಮುಂಬಾಗಿಲಿನಿಂದ ಒಳಗೆ ಬರಬೇಕು, ಮಂಚದ ಮೇಲೆ ಕೂರಬೇಕು, ಹಚ್ಚುವ ರೀತಿ ಕಲಿಯಬೇಕು, ಚಹಾ ಕುಡಿಯಬೇಕು. ಹಣ ಕೊಡಲು ಹೋದವರು ಮಾತ್ರ ಬೈಸಿಕೊಳ್ಳುತ್ತಿದ್ದರು.

ಅವರು ಎಣ್ಣೆ ಕಾಸುವುದನ್ನು ಒಂದು ರವಿವಾರ ಪೂರ್ತಿ ಕೂತು ನೋಡಿದ್ದೇನೆ. ಕಾಲುವೆಯ ದಂಡೆಯಿಂದ ಹಿಂದಿನ ದಿನವೇ ತಂದ ಲಕ್ಕಿ ಸೊಪ್ಪನ್ನು ತೊಳೆದು, ಒಳಗೆ ನೆರಳಿನಲ್ಲಿ ಹಳೆಯ ಸೀರೆಯ ಮೇಲೆ ಹರವಿದ್ದರು. "ತಪ್ಪಲದಾಗ ನೀರು ಉಳೀತಂದ್ರ ಎಣ್ಣಿ ಮುಗ್ಗಲ ಹಿಡೀತದ" ಎಂದು ಒಂದೊಂದು ಎಲೆಯನ್ನೂ ಮುಟ್ಟಿ ನೋಡಿದರು. ಬೆಳ್ಳುಳ್ಳಿ, ಒಣ ಶುಂಠಿ, ಅಜವಾನ ಜಜ್ಜಿದರು. ದಪ್ಪ ತಳದ ಕಬ್ಬಿಣದ ಬಾಣಲೆಗೆ ಗಾಣದ ಎಳ್ಳೆಣ್ಣೆ ಸುರಿದು, ಉರಿಯನ್ನು ಆರುತ್ತದೇನೋ ಎನ್ನುವಷ್ಟು ಸಣ್ಣಗೆ ಇಟ್ಟರು. ಎಲ್ಲ ಒಳಗೆ ಬಿದ್ದ ಮೇಲೆ ಎಣ್ಣೆ ಗುಳುಗುಳು ಎನ್ನತೊಡಗಿತು. ಮಾತು ನಿಲ್ಲಿಸಿ ಕಿವಿಗೊಟ್ಟು ಕೂತರು. ನನಗೂ ಸುಮ್ಮನಿರಲು ಸನ್ನೆ ಮಾಡಿದರು. ತುಂಬ ಹೊತ್ತಿನ ಮೇಲೆ ಆ ಸದ್ದು ತಾನಾಗಿ ಅಡಗಿತು. ಒಂದು ಎಲೆ ಎತ್ತಿ, ಆರಿಸಿ, ಬೆರಳಲ್ಲಿ ಒತ್ತಿದರು, ಹಪ್ಪಳದಂತೆ ಪುಡಿಯಾಯಿತು. ಬಟ್ಟೆಯ ಬತ್ತಿಯೊಂದನ್ನು ಎಣ್ಣೆಯಲ್ಲಿ ಅದ್ದಿ ಹಚ್ಚಿದರು. ಚಟಚಟ ಎನ್ನದೆ ಸೊಗಸಾಗಿ ಉರಿಯಿತು.

"ಚಟಚಟ ಅಂದಿದ್ರ ಒಳಗ ನೀರು ಅದ ಅಂತ. ಈಗ ಆತು ನೋಡು" ಎಂದು ಉರಿ ಆರಿಸಿದರು. ಉಗುರು ಬೆಚ್ಚಗಾದ ಮೇಲೆ ಸೋಸಿ, ಕರ್ಪೂರ ಪುಡಿ ಮಾಡಿ ಹಾಕಿದರು. "ಒಲಿ ಮ್ಯಾಲ ಇದ್ದಾಗ ಕರ್ಪೂರ ಹಾಕೋರು ಅದಾರ. ಅವರು ಎಣ್ಣಿ ಕಾಸಂಗಿಲ್ಲ, ಮನಿ ಸುಡ್ತಾರ."

ಎಣ್ಣೆಯ ಶಕ್ತಿಯ ಬಗ್ಗೆ ಎಷ್ಟು ಜಂಬವಿತ್ತೋ, ಅದರ ಮಿತಿಯ ಬಗ್ಗೆಯೂ ಅಷ್ಟೇ ಖಡಕ್ಕು. ಬಿದ್ದು ಕಾಲು ಊದಿಸಿಕೊಂಡು ಬಂದವರನ್ನು ಮುಟ್ಟುತ್ತಲೇ ಇರಲಿಲ್ಲ. "ಮೊದಲ ಡಾಕ್ಟರಿಗೆ ತೋರ್ಸು. ನಂದು ಮಾಂಸಕ್ಕ ಹಚ್ಚೋ ಎಣ್ಣಿ, ಎಲುಬು ಕೂಡಸಂಗಿಲ್ಲ" ಎಂದು ತಾವೇ ಆಟೋ ಹತ್ತಿಸಿ ಕಳಿಸುತ್ತಿದ್ದರು. ಗಾಯದ ಮೇಲೆ ಹಚ್ಚಿದವರಿಗೆ ಮೈದಾನದ ಗಂಟಲಲ್ಲೇ ಪಾಠವಾಗುತ್ತಿತ್ತು.

ಒಳಗೆ ಬಂದೇ ಎಣ್ಣೆ ಒಯ್ಯಬೇಕು ಎಂಬ ಆ ಕಟ್ಟಳೆ ಎಲ್ಲಿಂದ ಬಂತೆಂದು ನಾನು ಕೇಳಿರಲಿಲ್ಲ. ಅವರೇ ಹೇಳಿದರು. ತರಬೇತಿಯೊಂದಕ್ಕೆ ಇಬ್ಬರೂ ರಾಯಚೂರಿನಿಂದ ದೇವದುರ್ಗಕ್ಕೆ ಹೊರಟಿದ್ದೆವು. ಗಬ್ಬೂರು ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ಕೈ ಮಾಡಿ, "ಆ ಕಡಿ ನಮ್ಮೂರು" ಎಂದರು. ಮಡಿಲಲ್ಲಿ ಹುರಿದ ಶೇಂಗಾ ಇತ್ತು. ಸಿಪ್ಪೆ ಬಿಡಿಸಿ ನನ್ನ ಕೈಗೆ ಹಾಕುತ್ತಲೇ ಕಥೆ ಶುರು ಮಾಡಿದರು.

ಎಣ್ಣೆ ಕಾಸುತ್ತಿದ್ದವರು ಅವರ ತಾಯಿ. ಕಳೆ ಕೀಳುವುದು, ಹತ್ತಿ ಬಿಡಿಸುವುದು, ಹೀಗೆ ಕೂಲಿ ಮಾಡಿ ಬಂದ ಕೇರಿಯ ಹೆಂಗಸರ ಸೊಂಟಕ್ಕೆಂದು ಕಾಸಿದ್ದು. ಸುದ್ದಿ ಊರೊಳಗೆ ಹೋಯಿತು. ದೊಡ್ಡ ಮನೆಯೊಂದರಿಂದ ಕರೆ ಬಂತು. ಇವರದು ಅವರು ಮುಟ್ಟಿಸಿಕೊಳ್ಳದ ಜಾತಿ. ಹಿತ್ತಲ ಬಾಗಿಲ ಹತ್ತಿರ ನೆಲದ ಮೇಲೆ ಒಂದು ಪಾತ್ರೆ ಇಟ್ಟಿರುತ್ತಿದ್ದರು. ತಾಯಿ ಪಾತ್ರೆಗೆ ತಾಗದಂತೆ ಮೇಲಿನಿಂದ ಎಣ್ಣೆ ಸುರಿದು ದೂರ ಸರಿಯಬೇಕು. ಒಳಗಿನವರು ಬಂದು ಪಾತ್ರೆಯ ಮೇಲೆ ನೀರು ಚಿಮುಕಿಸಿ ಎತ್ತಿಕೊಂಡು ಹೋಗುತ್ತಿದ್ದರು. ಟೀಚರ್ ಆಗ ಸಣ್ಣ ಹುಡುಗಿ, ತಾಯಿಯ ಸೆರಗು ಹಿಡಿದು ನಿಂತಿರುತ್ತಿದ್ದರು.

"ನಮ್ಮವ್ವನ ಎಣ್ಣಿ ಅವರ ಮೈತುಂಬ ಓಡಾಡ್ತಿತ್ತು. ನಮ್ಮವ್ವ ಹೊಸ್ತಲಾ ದಾಟಂಗಿದ್ದಿಲ್ಲ. ಇದು ಹ್ಯಾಂಗಬೇ ಅಂತ ಕೇಳ್ದೆ. ಸುಮ್ನಿರು ಅಂದ್ಲು. ಆವಾಗ ಸುಮ್ನಾದೆ." ಇನ್ನೊಂದು ಹಿಡಿ ಶೇಂಗಾ ನನ್ನ ಕೈಗೆ ಹಾಕಿದರು. "ನೌಕರಿ ಬಂದು ನಂದೊಂದು ಮನಿ ಆತಲ್ಲ, ಆವತ್ತಿನಿಂದ ಸುಮ್ನಾಗಿಲ್ಲ. ಎಣ್ಣಿ ಅದೇ ಅದ. ಬಾಗಿಲಾ ಮಾತ್ರ ಬದಲಿ ಆತು."

ಸಿಟ್ಟಿನಿಂದ ಹೇಳಲಿಲ್ಲ. ಗೆದ್ದವರು ಹೇಳುವ ಹಾಗೆ ಹೇಳಿದರು. ಆದರೆ ಆ ಗೆಲುವನ್ನು ಕೈಬಿಡಬೇಕಾಗುವಂಥ ದಿನ ಒಮ್ಮೆ ಬಂತು.

ನಮ್ಮ ಖೋ ಖೋ ತಂಡ ತಾಲೂಕಿನಲ್ಲಿ ಗೆದ್ದು ಜಿಲ್ಲಾ ಮಟ್ಟಕ್ಕೆ ಹೋಗಿದ್ದ ವರ್ಷ ಅದು. ತಂಡದ ಹೆಚ್ಚಿನ ಹುಡುಗಿಯರು ರಜೆ ದಿನ ತಾಯಂದಿರ ಜೊತೆ ಭತ್ತ ನಾಟಿಗೆ ಹೋಗುವವರು. ಅವರಲ್ಲದೆ ಒಬ್ಬಳು ಉಳ್ಳವರ ಮನೆಯವಳು, ಟೀಚರ ಓಣಿಯ ತುದಿಯ ಮಹಡಿ ಮನೆಯ ಹುಡುಗಿ. ಕಡ್ಡಿಯಂಥ ಮೈ. ಆದರೆ ಓಡಲು ನಿಂತಳೆಂದರೆ ಬೆನ್ನಟ್ಟುವವರ ಕೈಗೆ ಗಾಳಿಯಷ್ಟೇ ಸಿಗುತ್ತಿತ್ತು. ತಂಡ ನಿಂತದ್ದೇ ಅವಳ ಮೇಲೆ. ಪಂದ್ಯ ಹತ್ತಿರ ಬಂದಾಗ ಅಭ್ಯಾಸದಲ್ಲಿ ಅವಳ ತೊಡೆ ಹಿಡಿದುಕೊಂಡಿತು. ಡಾಕ್ಟರು ನೋಡಿ, ಹೆದರುವಂಥದ್ದಿಲ್ಲ, ಬರೀ ಸ್ನಾಯು ಬಿಗಿದಿದೆ, ಬಿಸಿ ಶಾಖ ಕೊಟ್ಟು ಮೆತ್ತಗೆ ಎಣ್ಣೆ ಹಚ್ಚಿ ತಿಕ್ಕಿ ಎಂದರು.

ಮರುದಿನ ಆ ಮನೆಯ ಆಳು ಒಂದು ಸ್ಟೀಲ್ ಡಬ್ಬಿ ಹಿಡಿದು ಟೀಚರ ಬಾಗಿಲಿಗೆ ಬಂದ. ಮನೆಯ ಯಜಮಾನಿಕೆ ನಡೆಸುತ್ತಿದ್ದ ಅಜ್ಜಿ ಕಳಿಸಿದ್ದು. ಎಣ್ಣೆ ಸುರಿಸಿಕೊಂಡು ಬಾ, ಒಳಗೆ ಹೋಗಬೇಡ ಎಂದು ಹೇಳಿದ್ದಳಂತೆ. ಟೀಚರ್ ಖಾಲಿ ಡಬ್ಬಿಯನ್ನೇ ವಾಪಸು ಕಳಿಸಿದರು. "ಯವ್ವಗ ಹೇಳು, ಎಣ್ಣಿ ಬೇಕಂದ್ರ ಹುಡುಗಿ ಒಳಗ ಬರ್ಲಿ. ಅವರೂ ಬರ್ಲಿ." ಅದಕ್ಕೆ ಉತ್ತರವಾಗಿ, ಮೊಮ್ಮಗಳು ಆ ಮನೆಗೆ ಕಾಲಿಡುವುದಿಲ್ಲ, ಇನ್ನು ಮೇಲೆ ಆಟಕ್ಕೂ ಬರುವುದಿಲ್ಲ ಎಂದು ಅಜ್ಜಿ ಹೇಳಿ ಕಳಿಸಿದಳು.

ಹೆಡ್ ಮಾಸ್ಟರು ಸ್ಟಾಫ್ ರೂಮಿಗೇ ಬಂದರು. "ಒಂದು ಬಾಟ್ಲಿ ಕೊಟ್ರ ಏನ್ ಹೋಗ್ತದ್ರಿ ಟೀಚರ್? ಸಾಲಿ ಹೆಸರು ನೋಡ್ರಿ."

"ಬಾಟ್ಲಿ ಹೋದ್ರ ಹೋಗ್ಲಿ ಸರ್. ಅದರ ಜೋಡಿ ನಮ್ಮವ್ವನೂ ಹೋಗ್ತಾಳ" ಎಂದರು.

ಅವರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಆದರೆ ಆ ವಾರವಿಡೀ ಟೀಚರ ಮುಖ ಬಾಡಿತ್ತು. ಮೈದಾನದಲ್ಲಿ ಉಳಿದ ಹುಡುಗಿಯರನ್ನು ಓಡಿಸುತ್ತ, ಕಂಬದ ಹತ್ತಿರ ಅವಳಿರಬೇಕಾದ ಜಾಗ ನೋಡಿ ಸೀಟಿ ಊದುವುದನ್ನೇ ಮರೆಯುತ್ತಿದ್ದರು. "ನನ್ನ ಹಟಕ್ಕ ಆ ಕೂಸಿನ ಆಟ ಕಳದೀನೇನು?" ಎಂದು ನನ್ನನ್ನು ಒಮ್ಮೆ ಕೇಳಿದರು. ಬಾಯಿಬಡಕಿ ಎಂದು ಹೆಸರಾದ ಅವರು ಅಷ್ಟು ಸಣ್ಣ ದನಿಯಲ್ಲಿ ಕೇಳಿದ್ದು ಅದೊಂದೇ ಸಲ. ನಾನು ಅವರ ಪಕ್ಕದಲ್ಲಿ ಹೋಗಿ ಕೂತೆ.

ಅದೇ ಸಂಜೆ ಅವರ ಮನೆಯಲ್ಲಿದ್ದಾಗ ಹಿತ್ತಲ ಬಾಗಿಲು ಬಡಿದ ಸದ್ದು. ತೆರೆದರೆ ಆ ಹುಡುಗಿ, ದುಪಟ್ಟಾ ತಲೆಗೆ ಎಳೆದುಕೊಂಡು ಕುಂಟುತ್ತ ನಿಂತಿದ್ದಳು.

"ಟೀಚರ್, ಲಗೂನ ಹಚ್ಚಿ ಕಳಿಸ್ರಿ. ಅಜ್ಜಿ ಗುಡಿಗಿ ಹೋಗ್ಯಾಳ, ಯಾರಿಗೂ ಗೊತ್ತಾಗಂಗಿಲ್ಲ."

ಟೀಚರ ಕೈ ತಾನಾಗಿ ಬಾಟ್ಲಿಯ ಕಡೆ ಹೋದದ್ದನ್ನು ನಾನು ನೋಡಿದೆ. ಹೋದ ಕೈಯನ್ನು ಹಿಂದಕ್ಕೆ ತಂದುಕೊಂಡರು. ಹುಡುಗಿಯ ಮುಂದೆ ಮೊಣಕಾಲೂರಿ ಕೂತು ಮೆತ್ತಗೆ ಹೇಳಿದರು: "ಹಿತ್ತಲ ಬಾಗಿಲದಾಗ ನಮ್ಮವ್ವ ನಿಂತಿದ್ದು ಸಾಕು ಮಗಾ. ನೀ ನಿಲ್ಲಬ್ಯಾಡ. ಮನ್ಯಾಗ ಹೇಳಿ ಮುಂದಿನ ಬಾಗಿಲಲೆ ಬಾ. ನಾ ಕಾಯ್ತೀನಿ."

ಹುಡುಗಿ ಅಳುತ್ತ ಹೋದಳು. ಟೀಚರ್ ಬಾಗಿಲು ಮುಚ್ಚಿ, ಅದಕ್ಕೇ ಒರಗಿ ನಿಂತರು. ಆ ದಿನ ಚಹಾ ಮಾಡಿದ್ದು ನಾನು.

ಮರುದಿನ ಶಾಲೆ ಬಿಟ್ಟ ಮೇಲೆ, ಓಣಿಯ ಕಟ್ಟೆಗಳ ಮೇಲೆಲ್ಲ ಜನ ಕೂತಿರುವ ಹೊತ್ತಿನಲ್ಲಿ, ಟೀಚರ ಮುಂಬಾಗಿಲಿಗೆ ಒಂದು ಮೋಟಾರ್ ಸೈಕಲ್ ಬಂದು ನಿಂತಿತು. ಹುಡುಗಿಯ ತಂದೆ. ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ, ತಾಯಿಯ ಮಾತು ಮೀರಿದವನಲ್ಲ ಎಂದು ಹೆಸರಾದ ಮೌನಿ. ಹಿಂದೆ ಮಗಳು. ಅವಳ ಮುಖ ನೋಡಿದರೆ, ರಾತ್ರಿಯೆಲ್ಲ ಮನೆಯಲ್ಲಿ ವಾದ ಮಾಡಿದವಳು ಅವಳೇ ಎಂದು ತಿಳಿಯುತ್ತಿತ್ತು.

"ಟೀಚರ್ರ, ಮಗಳ ಕರ್ಕೊಂಡು ಬಂದೀನ್ರಿ."

"ಮನ್ಯಾಗ ಹೇಳಿ ಬಂದೀರೇನ್ರಿ?"

"ಹೇಳಿ ಬಂದೀನ್ರಿ. ಅವ್ವ ಊಟ ಬಿಟ್ಟು ಕುಂತಾಳ." ಚಪ್ಪಲಿ ಬಿಡುತ್ತ ಸೇರಿಸಿದ, "ಕುಂದ್ರಲಿ. ಹಸಿವಾದ್ರ ಉಣ್ತಾಳ."

ಒಳಗೆ ಬಂದರು. ಮಗಳು ಮಂಚದ ಮೇಲೆ, ಅವನು ಕುರ್ಚಿಯ ತುದಿಯಲ್ಲಿ. ಟೀಚರ್ ತೊಡೆ ತಿಕ್ಕುತ್ತ ಹುಡುಗಿಗೆ ಕಲಿಸಿದರು: ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು, ಆಮೇಲೆ ಎಷ್ಟು ನಿಧಾನ ನಡೆಯಬೇಕು. ಚಹಾ ಬಂತು. ಅವನು ಕಪ್ಪನ್ನು ಒಂದು ಕ್ಷಣ ನೋಡಿದ, ಕುಡಿದ, ಪೂರ್ತಿ ಕುಡಿದ. ಆಮೇಲೆ ನೆಲ ನೋಡುತ್ತ ಹೇಳಿದ: "ನಂದೂ ಹೆಗಲು ನೂಸಾಕತ್ತದ್ರಿ ಟೀಚರ್ರ. ಚೀಲ ಎತ್ತಿ ಎತ್ತಿ."

ಟೀಚರ್ ನಕ್ಕ ನಗು ಓಣಿಗೆಲ್ಲ ಕೇಳಿಸಿರಬೇಕು. ಹುಡುಗಿಯ ಅಂಗೈಗೆ ಎಣ್ಣೆ ಹಾಕಿ, "ಹಚ್ಚವ್ವಾ ನಿಮ್ಮಪ್ಪಗ. ಈಗ ಕಲ್ತಿದ್ದು ಮರತಿಲ್ಲಲ್ಲ?" ಎಂದರು.

ಜಿಲ್ಲಾ ಪಂದ್ಯ ರಾಯಚೂರಿನಲ್ಲಿ. ಹುಡುಗಿಯರು ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಉಳಿದರು. ನಮ್ಮ ಅಮ್ಮಿ ಎಲ್ಲರಿಗೂ ಬಡಿಸಿದಳು. ಬೆಳಿಗ್ಗೆ ಮೈದಾನದಲ್ಲಿ ಟೀಚರ್ ಬೇವಿನ ಮರದ ಕೆಳಗೆ ಜಮಖಾನ ಹಾಸಿ, ಫ್ಲಾಸ್ಕು, ಎಣ್ಣೆ ಬಾಟ್ಲಿ ಇಟ್ಟುಕೊಂಡು ಕೂತರು. ಬೇರೆ ಶಾಲೆಯ ಹುಡುಗಿಯರೂ ಕಾಲು ಹಿಡಿದುಕೊಂಡು ಬಂದು ದೂರ ನಿಂತು ನೋಡುತ್ತಿದ್ದರು. "ಇವತ್ತು ಇದ ನನ್ನ ಮನಿ. ಬೂಟು ಬಿಟ್ಟು ಒಳಗ ಬರ್ರಿ" ಎಂದು ಕರೆದರು. ನಮ್ಮ ಎದುರಾಳಿಗಳೂ ಬಂದು ಕೂತರು. "ಅವರಿಗೂ ಯಾಕ ಅಕ್ಕಾ?" ಎಂದೆ. "ಕುಂಟೋರನ್ನ ಸೋಲಿಸಿ ನನಗೇನು ಹೆಸರು ಬರ್ತದ?" ಎಂದರು.

ಫೈನಲ್ ಪಂದ್ಯದ ಕೊನೆಯ ಸರದಿಯಲ್ಲಿ ನಮ್ಮವರು ಓಡಬೇಕಿತ್ತು. ಒಂದೇ ಒಂದು ಪಾಯಿಂಟಿನಿಂದ ಮುಂದಿದ್ದೆವು. ಜೊತೆಗಿದ್ದ ಇಬ್ಬರೂ ಔಟಾಗಿ ಆ ಹುಡುಗಿ ಒಬ್ಬಳೇ ಉಳಿದಳು. ಖೋ, ಖೋ ಎಂದು ಬೆನ್ನ ಹಿಂದೆ ಒಬ್ಬರಾದ ಮೇಲೆ ಒಬ್ಬರು ಏಳುತ್ತಿದ್ದರು. ಅವಳು ಬಾಗಿ, ಹೊರಳಿ, ಸಾಲಿನ ನಡುವೆ ನುಸುಳಿ ಹೋಗುತ್ತಿದ್ದಳು. ಕಂಬದ ಹತ್ತಿರ ಒಮ್ಮೆ ಎದುರಾಳಿಯ ಬೆರಳು ಅವಳ ಜಡೆಗೆ ತಾಗಿತೇನೋ ಎನ್ನುವಷ್ಟು ಹತ್ತಿರ ಬಂತು. ಸದಾ ಕೂಗುವ ಟೀಚರ್ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ಹುಡುಗಿಯ ತಂದೆ ನನ್ನ ಪಕ್ಕದಲ್ಲಿ ಮೊಬೈಲು ಹಿಡಿದು ವಿಡಿಯೋ ಮಾಡುತ್ತಿದ್ದ. ಕೊನೆಯ ಸೀಟಿ ಊದಿದಾಗಲೂ ಅವಳು ಓಡುತ್ತಲೇ ಇದ್ದಳು. ಮುಗಿಯಿತು ಎಂದು ಅವಳಿಗೆ ಗೊತ್ತೇ ಆಗಿರಲಿಲ್ಲ. ಹುಡುಗಿಯರೆಲ್ಲ ಹೋಗಿ ಅವಳ ಮೇಲೆ ಬಿದ್ದರು. ನಾಟಿಯ ಕೆಸರಿನಲ್ಲಿ ಬಾಗಿ ಬಾಗಿ ದಣಿದ ಮಕ್ಕಳು ಅಂದು ಮಾನ್ವಿಯ ತನಕ ಬಸ್ಸಿನಲ್ಲಿ ಹಾಡು ನಿಲ್ಲಿಸಲಿಲ್ಲ. ಕಂಡಕ್ಟರನೂ ದನಿಗೂಡಿಸಿದ.

ಆ ಹುಡುಗಿ ಈಗ ದೇವದುರ್ಗದ ಕಡೆ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಎಣ್ಣೆಯನ್ನೂ ಕಾಸುತ್ತಾಳೆ. "ನನ್ನಷ್ಟು ಛಲೋ ಬರಂಗಿಲ್ಲ ಆಕಿಗಿ" ಎನ್ನುತ್ತಾರೆ ನಮ್ಮ ಟೀಚರ್.

ಅಜ್ಜಿ ಬಂದದ್ದು ಗೆಲುವಿನ ಸಡಗರ ಅಡಗಿದ ಮೇಲೆ. ಮಗನ ಮೊಬೈಲಿನಲ್ಲಿ ಆ ವಿಡಿಯೋವನ್ನು ಹಾಕಿಸಿ ಹಾಕಿಸಿ ನೋಡುತ್ತಾಳೆ ಎಂಬ ಸುದ್ದಿ ಓಣಿಯಲ್ಲಿತ್ತು. ಒಂದು ರವಿವಾರ ಮಧ್ಯಾಹ್ನ ನಾನೂ ಅಲ್ಲಿದ್ದೆ. ಮುಂಬಾಗಿಲ ಮೆಟ್ಟಿಲ ಹತ್ತಿರ, ಗೋಡೆ ಹಿಡಿದುಕೊಂಡು ಅಜ್ಜಿ ನಿಂತಿದ್ದಳು. ಜೊತೆಗೆ ಆಳಿಲ್ಲ, ಕೈಯಲ್ಲಿ ಡಬ್ಬಿಯಿಲ್ಲ.

"ಮೊಣಕಾಲು ಭಾಳ ಬ್ಯಾನಿ ಆಗ್ಯಾವ" ಎಂದಳು. ಆಮೇಲೆ ಹೊಸ್ತಿಲನ್ನು ನೋಡುತ್ತ, "ಒಳಗ ಬರ್ಲೇನು?" ಎಂದು ಕೇಳಿದಳು.

"ಬಾಗಿಲಾ ತೆರದ ಅದ. ಬರ್ರಿ ಯವ್ವಾ."

ಕೈ ಹಿಡಿದು ಹತ್ತಿಸಿದರು. ಮಂಚದ ಮೇಲೆ ಕೂರಿಸಿ, ಮೊಣಕಾಲಿನ ಸುತ್ತ ಎಣ್ಣೆ ತಿಕ್ಕಿದರು. ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದಳು. ಚಹಾ ಕೊಟ್ಟಾಗ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಸಾಸರಿಗೆ ಬಗ್ಗಿಸಿ, ಊದಿ ಊದಿ ಕುಡಿದಳು. ತಪ್ಪಾಯಿತು ಎಂದೇನೂ ಹೇಳಲಿಲ್ಲ. ಖಾಲಿ ಕಪ್ಪನ್ನು ಮುಂದೆ ಚಾಚಿ, "ಸಕ್ರಿ ಕಡಿಮಿ ಆಗ್ಯಾದವ್ವಾ. ಇನ್ನೊಂದೀಟು ಹಾಕಿ ತಾ" ಎಂದಳು.

ಟೀಚರ್ ಕಪ್ಪು ತೆಗೆದುಕೊಂಡು ಅಡಿಗೆ ಮನೆಗೆ ಹೋದರು. ಹೊರಗೆ ಬರಲಿಲ್ಲ. ನಾನು ಒಳಗೆ ಹೋದೆ. ಒಲೆಯ ಮುಂದೆ ನನಗೆ ಬೆನ್ನು ಮಾಡಿ ನಿಂತಿದ್ದರು.

"ಸಕ್ರಿ ಡಬ್ಬಿ ಎಲ್ಲಿ ಅದ, ನೋಡು. ನನಗ ಕಾಣವಲ್ದು" ಎಂದರು.

ಡಬ್ಬಿ ಅವರ ಕೈಯ ಹತ್ತಿರವೇ ಇತ್ತು. ಎತ್ತಿ ಕೊಟ್ಟೆ. ಸೆರಗಿನಿಂದ ಮುಖ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಇನ್ನೊಂದು ಕಪ್ಪು ಇಳಿಸಿದರು.

"ನನಗೂ ಹಾಕು" ಎಂದರು. "ನಾನೂ ಆಕಿ ಬಾಜೂಕ ಕುಂತು ಕುಡೀತೀನಿ."

ಎರಡೂ ಕಪ್ಪು ತಾವೇ ಹಿಡಿದುಕೊಂಡು ಹೋಗಿ ಮಂಚದ ಮೇಲೆ ಕೂತರು. ಅಜ್ಜಿ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು.